ಸಹಾಯ ಬೇಕು: ನಮ್ಮ ಲೆಕ್ಕಪರಿಶೋಧನೆ ಎನ್‌ಎಫ್‌ಆರ್‌ಎ (ರಾಷ್ಟ್ರೀಯ ಹಣಕಾಸು ವರದಿಗಾರಿಕೆ ಪ್ರಾಧಿಕಾರ) ವ್ಯಾಪ್ತಿಗೆ ಬರುತ್ತದೆಯೇ?

ಗುಂಪಿನ ಸಿಎ ಮಿತ್ರರಿಗೆ ನಮಸ್ಕಾರ.

ನಾನು ಕಲಬುರಗಿಯಲ್ಲಿ ತೊಗರಿಬೇಳೆ ಮಿಲ್ ನಡೆಸುವ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯೊಂದು ಈಚೆಗೆ ನಮ್ಮ ಶೇ 26ರಷ್ಟು ಷೇರುಗಳನ್ನು ಕೊಂಡಿದೆ. ಶೇ 20ಕ್ಕಿಂತ ಹೆಚ್ಚು ಮತಾಧಿಕಾರ ಅವರ ಕೈಯಲ್ಲಿರುವುದರಿಂದ ನಾವು ಅವರ ಸಹವರ್ತಿ ಕಂಪನಿಯಾದೆವು. ನಮ್ಮ ನಿವ್ವಳ ಮೌಲ್ಯ 250 ಕೋಟಿ ರೂಪಾಯಿಯ ಮಿತಿಯ ಹತ್ತಿರವೂ ಇಲ್ಲದಿದ್ದರೂ, ಸಹವರ್ತಿ ಕಂಪನಿಯೆಂಬ ಕಾರಣಕ್ಕೆ 2015ರ ನಿಯಮಗಳ ಪ್ರಕಾರ ಐಎಫ್‌ಆರ್‌ಎಸ್ ಎಂಬ ಅಂತರರಾಷ್ಟ್ರೀಯ ಹಣಕಾಸು ವರದಿ ಮಾನದಂಡಗಳಿಗೆ ಹೊಂದಿಸಿ ರೂಪಿಸಿದ ಇಂಡ್ ಎಎಸ್ (ಭಾರತೀಯ ಲೆಕ್ಕಪತ್ರ) ಮಾನದಂಡಗಳು ನಮಗೂ ಅನ್ವಯಿಸುತ್ತವೆ. ಇಷ್ಟು ಸ್ಪಷ್ಟವಿದೆ. ಹಳೆಯ ಯಂತ್ರಗಳ ಪುಸ್ತಕ ಮೌಲ್ಯವನ್ನೇ ಮುಂದುವರಿಸಲು, ಮೊದಲ ಬಾರಿಗೆ ಇಂಡ್ ಎಎಸ್‌ಗೆ ಬರುವವರಿಗಾಗಿ ಇರುವ ಇಂಡ್ ಎಎಸ್ 101 ಅವಕಾಶ ಕೊಟ್ಟಿರುವುದು, ಐಎಫ್‌ಆರ್‌ಎಸ್‌ನಲ್ಲಿ ಇಲ್ಲದ ಈ ಸೌಲಭ್ಯ, ನಮ್ಮಂಥವರಿಗೆ ನಿಜಕ್ಕೂ ದೊಡ್ಡ ಆಸರೆ.

ಗೊಂದಲವಿರುವುದು ಲೆಕ್ಕಪರಿಶೋಧಕರ ಮೇಲ್ವಿಚಾರಣೆಯ ವಿಷಯದಲ್ಲಿ. ಕಂಪನಿ ಕಾಯ್ದೆಯ 132ನೇ ಕಲಮಿನಡಿ 2018ರಲ್ಲಿ ರಚನೆಯಾದ ರಾಷ್ಟ್ರೀಯ ಹಣಕಾಸು ವರದಿಗಾರಿಕೆ ಪ್ರಾಧಿಕಾರದ ನಿಯಮ 3ನ್ನು ಓದಿದೆ. ಅಲ್ಲಿ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳೂ, 500 ಕೋಟಿ ರೂಪಾಯಿ ಪಾವತಿತ ಬಂಡವಾಳ ಅಥವಾ 1,000 ಕೋಟಿ ವಹಿವಾಟಿನಂಥ ಮಿತಿ ತಲುಪಿದ ನೋಂದಾಯಿತವಲ್ಲದ ಸಾರ್ವಜನಿಕ ಕಂಪನಿಗಳೂ ಇವೆ. ಭಾರತದ ಖಾಸಗಿ ಸಹವರ್ತಿ ಕಂಪನಿಯ ಹೆಸರು ನೇರವಾಗಿ ಕಾಣಲಿಲ್ಲ. ಸಾರ್ವಜನಿಕ ಕಂಪನಿಯ ಅಧೀನ (ಅದರ ನಿಯಂತ್ರಣದಲ್ಲಿರುವ) ಕಂಪನಿಯನ್ನು ಕಾಯ್ದೆ ಸಾರ್ವಜನಿಕವೆಂದೇ ಪರಿಗಣಿಸುತ್ತದೆ, ಆದರೆ ನಾವು ಅಧೀನ ಕಂಪನಿಯಲ್ಲ. ನಮ್ಮ ಲೆಕ್ಕಪರಿಶೋಧಕರನ್ನೂ ಹೂಡಿಕೆದಾರರ ಕಚೇರಿಯನ್ನೂ ಕೇಳಿದೆ, ಇಬ್ಬರ ಉತ್ತರವೂ ಬೇರೆ ಬೇರೆ.

ಆದ್ದರಿಂದ ನನ್ನ ಪ್ರಶ್ನೆ: ಇಂಡ್ ಎಎಸ್ ಅನ್ವಯಿಸಿದ ಮಾತ್ರಕ್ಕೆ ನಮ್ಮ ಲೆಕ್ಕಪರಿಶೋಧಕರು ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತಾರೆಯೇ, ಅಥವಾ ಐಸಿಎಐ (ಸಿಎಗಳ ಸಂಸ್ಥೆ) ಮೇಲ್ವಿಚಾರಣೆಯಲ್ಲೇ ಉಳಿಯುತ್ತಾರೆಯೇ? ದಯವಿಟ್ಟು ನಿಯಮದ ಸಂಖ್ಯೆಯೊಂದಿಗೆ ತಿಳಿಸಿ.