ಸೊಂಟ ಹಿಡಿದು ನೋವು ಪಾದಕ್ಕೂ ಇಳಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ಮೊನ್ನೆ ಗ್ಯಾಸ್ ಸಿಲಿಂಡರ್ ಎತ್ತಿ ತಿರುಗುವಾಗ ಸೊಂಟದಲ್ಲಿ ಚಳಕ್ ಅಂತು, ಗೋಡೆ ಹಿಡಿದು ನಿಂತುಬಿಟ್ಟೆ. ನಿನ್ನೆಯಿಂದ ಬಲಗಾಲಿನಲ್ಲಿ ಪಾದದವರೆಗೂ ಕರೆಂಟ್ ಹೊಡೆದ ಹಾಗೆ ನೋವು, ಹೆಬ್ಬೆರಳು ಜುಮ್ ಅನ್ನುತ್ತದೆ. ಎರಡು ದಿನದಿಂದ ಮಲಗೇ ಇದ್ದೇನೆ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೋ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಹೋಗಲಾ?

ಉತ್ತರ: ದಯವಿಟ್ಟು ಹೋಗಬೇಡಿ ಸರ್. ಬರೀ ಸ್ನಾಯು ಹಿಡಿದಿದ್ದರೆ ನೋವು ಸಾಮಾನ್ಯವಾಗಿ ಸೊಂಟ, ಪೃಷ್ಠದ ಹತ್ತಿರವೇ ನಿಲ್ಲುತ್ತದೆ. ನಿಮ್ಮದು ಮಂಡಿ ದಾಟಿ ಹೆಬ್ಬೆರಳಿಗೆ ಬಂದಿದೆ ಅಂದರೆ ಸೊಂಟದ ಹತ್ತಿರ ನರ ಒತ್ತಿಕೊಂಡಿರಬಹುದು, ಸಯಾಟಿಕಾ ಅನ್ನುತ್ತಾರಲ್ಲ, ಅದು. ಕೆರಳಿದ ನರಕ್ಕೆ ಒದೆ ಬಿದ್ದರೆ ಇನ್ನೂ ಜಾಸ್ತಿಯಾಗುತ್ತದೆ.

ನನಗೂ ಹೀಗೇ ಆಗಿತ್ತು. ನೆಲದ ಮೇಲೆ ಚಾಪೆ ಹಾಕಿ ಅಂಗಾತ ಮಲಗಿ, ಮೀನಖಂಡ ಎರಡನ್ನೂ ಕುರ್ಚಿಯ ಮೇಲೆ ಇಟ್ಟು ಹತ್ತು ನಿಮಿಷ ಸುಮ್ನೆ ಇರಿ, ಬಿಗಿತ ಸಡಿಲವಾಗುತ್ತದೆ. ಏಳುವಾಗ ನೇರ ಏಳಬೇಡಿ, ಪಕ್ಕಕ್ಕೆ ಹೊರಳಿ ಕೈ ಊರಿ ಏಳಿ. ಬಿಸಿನೀರಿನ ಬ್ಯಾಗಿಗೆ ಟವೆಲ್ ಸುತ್ತಿ 15-20 ನಿಮಿಷ ಸೊಂಟಕ್ಕೆ ಇಡಿ, ಮರಗಟ್ಟಿದ ಜಾಗಕ್ಕೆ ಮಾತ್ರ ಇಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ದಿನವಿಡೀ ಮಲಗುವುದು ಬಿಟ್ಟು ಗಂಟೆಗೊಮ್ಮೆ ಐದು ನಿಮಿಷ ಮನೆಯೊಳಗೇ ನಡೆಯಿರಿ. ನೋವಿನ ಮಾತ್ರೆ ಖಾಲಿ ಹೊಟ್ಟೆಗೆ ಬೇಡ. ಅಲ್ಸರ್, ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ನುಂಗಲೇಬೇಡಿ.

ಪ್ರಶ್ನೆ ಕೇಳಿದವರು: ಕುರ್ಚಿ ಉಪಾಯ ಕೆಲಸ ಮಾಡಿತು! ಪಾದದ ನೋವು ತೊಡೆಯವರೆಗೆ ಬಂದು ನಿಂತಿದೆ, ಆದರೆ ಸೊಂಟದಲ್ಲಿ ಜಾಸ್ತಿಯಾದ ಹಾಗಿದೆ. ಬಗ್ಗಿ ಪಾದ ಮುಟ್ಟುವ ವ್ಯಾಯಾಮ ಶುರು ಮಾಡಲಾ?

ಉತ್ತರ: ಬಗ್ಗುವುದು ಈಗಲೇ ಬೇಡ, ನರ ಮತ್ತೆ ಎಳೆದುಕೊಳ್ಳುತ್ತದೆ. ನೋವು ಪಾದದಿಂದ ಮೇಲಕ್ಕೆ ಸರಿಯುವುದು ಸಾಮಾನ್ಯವಾಗಿ ಒಳ್ಳೆಯ ಲಕ್ಷಣ, ಹೆದರಬೇಡಿ. ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ಆಪರೇಷನ್ ಇಲ್ಲದೆ ಕಡಿಮೆಯಾಗುತ್ತದೆ. ಒಂದು ಮಾತ್ರ ನೋಡಿ, ಗೋಡೆ ಹಿಡಿದು ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆಯಲು ಆಗುತ್ತದಾ? ಬಲಪಾದ ಮೇಲೇಳದೆ ಜೋತುಬಿದ್ದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ. ಮೂತ್ರ ಕಟ್ಟಿದರೆ, ಮೂತ್ರವೋ ಮಲವೋ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ ರಾತ್ರಿಯಾದರೂ ಸರಿ, ಬೆಳಗಾಗಲಿ ಅಂತ ಕಾಯದೆ ಎಮರ್ಜೆನ್ಸಿಗೆ ಹೋಗಿ.

ಪ್ರಶ್ನೆ ಕೇಳಿದವರು: ಈಗಷ್ಟೇ ನಡೆದು ನೋಡಿದೆ, ಎರಡೂ ಪಾದ ಸರಿಯಾಗಿ ಮೇಲೇಳುತ್ತವೆ. ಜುಮ್ ಇನ್ನೂ ಇದೆ, ನಾಳೆ ಡಾಕ್ಟರಿಗೆ ತೋರಿಸುತ್ತೇನೆ. ಒದೆಸಿಕೊಳ್ಳುವುದು ಬೇಡ ಅಂತ ಪಕ್ಕದ ಮನೆಗೂ ಹೇಳಿಬಂದೆ.