ಸಹಾಯ ಬೇಕು: ಸೋಲಿಯಸ್ ಕ್ಯಾಪಿಲರಿಗಳಲ್ಲಿ ಎಂಜೈಮ್ ಬಣ್ಣ ಮಂಕು

ನಮಸ್ಕಾರ. ಅನಾಟಮಿ, ಪೆಥಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದೀರಾ?

ಎಂ.ಡಿ. ಪ್ರಬಂಧಕ್ಕೆ ಮನುಷ್ಯರ ಸ್ನಾಯುಗಳ ಕ್ಯಾಪಿಲರಿಗಳನ್ನು (ಅತಿ ಸಣ್ಣ ರಕ್ತನಾಳಗಳನ್ನು) ನೋಡುತ್ತಿದ್ದೇನೆ. ತೊಡೆಯ ವ್ಯಾಸ್ಟಸ್ ಲ್ಯಾಟರಾಲಿಸ್ ಮತ್ತು ಮೀನಖಂಡದ ಸೋಲಿಯಸ್, ಸದ್ಯಕ್ಕೆ ಇವೆರಡೇ. ಎಲ್ಲವೂ ಕ್ರಯೋಸ್ಟಾಟ್ ಸೆಕ್ಷನ್, ಅಂದರೆ ಸ್ನಾಯುವನ್ನು ಹೆಪ್ಪುಗಟ್ಟಿಸಿ ಕತ್ತರಿಸಿದ ತೆಳು ಪದರ (ಫ್ರೋಜನ್ ಸೆಕ್ಷನ್). ಫಾರ್ಮಲಿನ್, ಪ್ಯಾರಫಿನ್ ದಾಟಿದರೆ ಎಂಜೈಮ್ ಉಳಿಯುವುದು ಕಷ್ಟ ಅಲ್ವಾ.

ಕ್ಯಾಪಿಲರಿ ಗೋಡೆಯ ಎರಡು ಎಂಜೈಮ್‌ಗಳಿಗೆ ಎರಡು ಬಣ್ಣ ಕೊಡುವ ವಿಧಾನ ಬಳಸುತ್ತಿದ್ದೇನೆ. ಆಲ್ಕಲೈನ್ ಫಾಸ್ಫಟೇಸ್ ನೀಲಿ, ಡೈಪೆಪ್ಟಿಡಿಲ್ ಪೆಪ್ಟಿಡೇಸ್ 4 ಕೆಂಪು. ಕ್ಯಾಪಿಲರಿಯ ಅಪಧಮನಿ ಕಡೆ ನೀಲಿ, ಅಭಿಧಮನಿ ಕಡೆ ಕೆಂಪು, ನಡುವೆ ನೇರಳೆ ಬರಬೇಕು. ವ್ಯಾಸ್ಟಸ್‌ನಲ್ಲಿ ಚೆನ್ನಾಗಿಯೇ ಬರುತ್ತಿದೆ. ಸೋಲಿಯಸ್‌ನಲ್ಲಿ ನೀಲಿ ತೀರಾ ಮಂಕು.

ಸೋಲಿಯಸ್‌ನಲ್ಲಿ ನಿಧಾನವಾಗಿ ಸಂಕುಚಿಸುವ ಸ್ನಾಯು ಎಳೆಗಳೇ ಜಾಸ್ತಿ, ಅವುಗಳ ಸುತ್ತ ಕ್ಯಾಪಿಲರಿಗಳೂ ಹೆಚ್ಚು. ಆದ್ದರಿಂದ ಬಣ್ಣ ಕಡಿಮೆ ಎಂದು ಕ್ಯಾಪಿಲರಿಯೇ ಕಡಿಮೆ ಅಂತ ಬರೆಯಲು ನನಗೆ ಮನಸ್ಸಿಲ್ಲ. ಎಂಜೈಮ್ ಸುಮ್ಮನಿದ್ದರೂ ನಾಳ ಅಲ್ಲೇ ಇರುತ್ತದೆ. ಇನ್ನೊಂದು ತೊಡಕೂ ಇದೆ. ಸೋಲಿಯಸ್ ತುಂಡುಗಳು ಬಂದಿದ್ದು ರಕ್ತ ಸರಿಯಾಗಿ ಹರಿಯದೆ ಕತ್ತರಿಸಬೇಕಾದ ಕಾಲುಗಳಿಂದ. ವ್ಯಾಸ್ಟಸ್ ಬಂದಿದ್ದು ಸೊಂಟದ ಮೂಳೆ ಶಸ್ತ್ರಚಿಕಿತ್ಸೆಯಿಂದ. ಹೀಗಿರುವಾಗ ವ್ಯತ್ಯಾಸ ಸ್ನಾಯುವಿನದೋ, ಕಾಯಿಲೆಯದೋ?

ಪಕ್ಕದ ಸೆಕ್ಷನ್‌ನಲ್ಲಿ, ರಕ್ತನಾಳದ ಒಳಪದರವನ್ನು ಗುರುತಿಸುವ ಸಿಡಿ31 ಅಥವಾ ಯುಲೆಕ್ಸ್ ಲೆಕ್ಟಿನ್ ಹಾಕಿ ಒಟ್ಟು ಕ್ಯಾಪಿಲರಿ ಎಣಿಸಿ, ಅದರಲ್ಲಿ ನೀಲಿ ಎಷ್ಟು ಪಾಲು ಅಂತ ಲೆಕ್ಕ ಹಾಕಿದರೆ ಪರೀಕ್ಷಕರು ಒಪ್ಪುತ್ತಾರಾ? ಫ್ರೋಜನ್ ಸೆಕ್ಷನ್‌ಗೆ ಎರಡರಲ್ಲಿ ಯಾವುದು ವಾಸಿ? ಒಂದೇ ಕಾಲಿನ ಎರಡೂ ಸ್ನಾಯು ಸಿಗುವ ದಾರಿ ಗೊತ್ತಿದ್ದವರು ದಯವಿಟ್ಟು ಹೇಳಿ. ಸ್ಲೈಡ್ ಫೋಟೋ ಬೇಕಿದ್ದರೆ ಹಾಕುತ್ತೇನೆ.