ಬಾಲ್ಕನಿಯಲ್ಲಿ ಎರೆಹುಳ ಸಾಕಬಹುದಾ? ಕಾರವಾರ ಕಡೆಯವರು ಅನುಭವ ಹೇಳಿ

ಕೋಡಿಬಾಗದ ಬಾಲ್ಕನಿ (ಕೇಳಿದವರು):
ನಮ್ಮದು ಕಾರವಾರದಲ್ಲಿ ಎರಡನೇ ಮಹಡಿಯ ಫ್ಲ್ಯಾಟ್. ಮನೆಯಲ್ಲಿ ಮೂರು ಜನ. ದಿನಕ್ಕೆ ಮುಕ್ಕಾಲು ಕಿಲೋ ಅಡುಗೆಮನೆ ಕಸ ಆಗುತ್ತದೆ. ವಾರಕ್ಕೆ ಮೂರು ದಿನ ಮೀನು. ಬಾಲ್ಕನಿ 4 ಅಡಿ ಅಗಲ, 8 ಅಡಿ ಉದ್ದ, ಸಮುದ್ರದ ಕಡೆ ಮುಖ. ಎರೆಹುಳ ಗೊಬ್ಬರ ಮಾಡಬೇಕು ಅಂತ ತುಂಬಾ ಆಸೆ. ಈಗ ಮೇ ಎರಡನೇ ವಾರ. ಮಳೆಗಾಲದೊಳಗೆ ಶುರು ಮಾಡಲೇ? ಯಾವ ಹುಳ ತರಲಿ? ಖರ್ಚು ಎಷ್ಟು?

ಕುಮಟಾ ಟೀಚರ್:
ಮೇ ತಿಂಗಳಲ್ಲಿ ಬೇಡವೇ ಬೇಡ. ಐದು ವರ್ಷದ ಹಿಂದೆ ನಾನು ಮೇ ತಿಂಗಳಲ್ಲೇ ಶುರು ಮಾಡಿದ್ದೆ. ಲೆಕ್ಕ ಇನ್ನೂ ಡೈರಿಯಲ್ಲಿದೆ. ಎರಡು ಕ್ರೇಟಿಗೆ 760 ರೂಪಾಯಿ. ಒಂದು ಕಿಲೋ ಹುಳಕ್ಕೆ 500, ಬಸ್ಸಿನ ಪಾರ್ಸೆಲ್ಲಿಗೆ 80. 5 ಕಿಲೋ ಕೋಕೋಪೀಟ್ (ತೆಂಗಿನನಾರಿನ ಪುಡಿ) ಇಟ್ಟಿಗೆ 240. ಬಲೆ 150, ನಲ್ಲಿ 60, ಒಂದು ಚೀಲ ಹಳೇ ಸಗಣಿಗೆ 50. ಒಟ್ಟು 1840.

ಮೊದಲ ಮೂರು ವಾರ ಎಷ್ಟು ಚೆನ್ನಾಗಿತ್ತು ಗೊತ್ತಾ! ಬಾಳೆಹಣ್ಣಿನ ಸಿಪ್ಪೆ ಹಾಕಿದರೆ ನಾಲ್ಕನೇ ದಿನಕ್ಕೆ ಕಾಣುತ್ತಲೇ ಇರಲಿಲ್ಲ. ಆಮೇಲೆ ಜೂನ್ ಬಂತು. ಗಾಳಿ ಮಳೆಯನ್ನು ಅಡ್ಡಕ್ಕೆ ಹೊಡೆಯುತ್ತದೆ, ಮೇಲೆ ಮಾಡು ಇದ್ದರೆ ಏನು ಬಂತು? ಮೂರು ರಾತ್ರಿ ಬಿಡದೆ ಹೊಯ್ದಿತು. ಕ್ರೇಟಿನ ಅಡಿಯ ನಲ್ಲಿಗೆ ಕೋಕೋಪೀಟ್ ಕಟ್ಟಿಕೊಂಡಿತ್ತು, ನಾನು ನೋಡಿರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿ ತುಂಬಾ ಹುಳ. ಗೋಡೆ ಮೇಲೆ, ಚಪ್ಪಲಿ ಒಳಗೆ, ನೆಲ ಒರೆಸುವ ಬಟ್ಟೆಯಲ್ಲೂ. ಕ್ರೇಟಿನಲ್ಲಿ ಉಳಿದವು ಬಿಳಚಿ ಮೆತ್ತಗಾಗಿದ್ದವು. ಎರೆಹುಳ ಉಸಿರಾಡುವುದು ಚರ್ಮದಿಂದ. ನೀರು ನಿಂತರೆ ಗಾಳಿ ಸಿಗದೆ ಸಾಯುತ್ತವೆ. ನನಗೆ ಎರಡು ದಿನ ಊಟ ಸೇರಲಿಲ್ಲ.

ಒಂದು ಮಾತ್ರ ಪುಣ್ಯ. ಆ ಕೆಸರನ್ನು ಎಸೆಯದೆ ಗೋಣಿ ಮೇಲೆ ಹರವಿಟ್ಟೆ. ಇಪ್ಪತ್ತೈದು ದಿನಕ್ಕೆ ದಾರದ ಎಳೆಯಂಥ ಮರಿಗಳು ಕಂಡವು. ಮೊಟ್ಟೆಗೂಡುಗಳು ಬದುಕಿದ್ದವು! ಈಗ ಮೆಟ್ಟಿಲ ಕೆಳಗೆ ಚಿರೆಕಲ್ಲಿನ ತೊಟ್ಟಿ ಮಾಡಿಸಿದ್ದೇನೆ. ಅದಕ್ಕೆ ಇನ್ನೂ 3200 ಹೋಯಿತು.

ಶಿರಸಿ ತೋಟಿಗ:
ಹುಳಕ್ಕೆ ದುಡ್ಡು ಕೊಡುವುದೇ ನನಗೆ ಅರ್ಥ ಆಗೋದಿಲ್ಲ. ನಮ್ಮಲ್ಲಿ ಮೂರು ತೊಟ್ಟಿ ಇವೆ, ಒಂದೊಂದು 10 ಅಡಿ ಉದ್ದ, 3 ಅಡಿ ಅಗಲ. ತಳಕ್ಕೆ ಅಡಿಕೆ ಸೋಗೆ, ಮೇಲೆ ಬೆಟ್ಟದ ದರಕು (ಉದುರಿದ ಒಣ ಎಲೆ), ಅದರ ಮೇಲೆ ಹದಿನೈದು ದಿನ ಆರಿದ ಸಗಣಿ. ಹಸಿ ಸಗಣಿ ಹಾಕಿದರೆ ಕಾವು ಏರಿ ಹುಳ ಬೆಂದು ಹೋಗುತ್ತವೆ. ವರ್ಷಕ್ಕೆ ಎರಡು ಸಲ ಗೊಬ್ಬರ ತೆಗೆದು ಮರಕ್ಕೆ ಹಾಕುತ್ತೇನೆ. ಒಂದು ಪೈಸೆ ಖರ್ಚಿಲ್ಲ. ಬಾಳೆಬುಡ ಅಗೆದು ನೋಡಿ, ಹುಳ ಬೇಕಾದಷ್ಟು ಸಿಗುತ್ತವೆ. ನಾಟಿ ಹುಳ ಬಿಟ್ಟು ಆಫ್ರಿಕಾದ ಹುಳ ತಂದು ನಮ್ಮ ಮಣ್ಣಿಗೆ ಬಿಡುವುದು ತಪ್ಪು. ಇದನ್ನು ಎಲ್ಲ ಕಡೆ ಹೇಳುತ್ತಾ ಬಂದಿದ್ದೇನೆ.

ಅಂಕೋಲಾ ಹಿತ್ತಲು:
ತೋಟಿಗರೇ, ಈ ಬಾಳೆಬುಡದ ಮಾತು ನಂಬಿ ನಾನು ಏಳು ತಿಂಗಳು ಕಳೆದುಕೊಂಡೆ. ದಯವಿಟ್ಟು ಇನ್ನೊಬ್ಬರಿಗೆ ಹೇಳಬೇಡಿ. ಇನ್ನೂರು ಹುಳ ಹೆಕ್ಕಿ ಡ್ರಮ್ಮಿಗೆ ಹಾಕಿದೆ. ಕಸ ಹಾಗೇ ಕೊಳೆಯಿತು. ಹುಳ ಅಡಿಗೆ ಹೋಗಿ ಮುದ್ದೆಯಾಗಿ ಸತ್ತವು. ಮಣ್ಣು ತಿಂದು ಆಳದಲ್ಲಿ ಬದುಕುವ ಹುಳ ಬೇರೆ, ಮೇಲಿನ ಕೊಳೆತ ಸೊಪ್ಪು ತಿನ್ನುವ ಹುಳ ಬೇರೆ. ತೊಟ್ಟಿಗೆ ಬೇಕಾದ್ದು ಎರಡನೆಯದು. ಅದರಲ್ಲಿ ನಮ್ಮ ದೇಶದ್ದೇ ಒಂದಿದೆ, ಪೆರಿಯೊನಿಕ್ಸ್. ಸಗಣಿ ಗುಂಡಿಯ ಅಂಚಲ್ಲಿ ಸಿಗಬಹುದು, ಬಾಳೆಬುಡದ ಆಳದಲ್ಲಿ ಅಲ್ಲ.

ಮತ್ತೆ ಖರ್ಚಿಲ್ಲ ಅಂತೀರಿ. ಕೊಟ್ಟಿಗೆ ಇದೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ ಇದೆ, ದರಕು ಗುಡಿಸಲು ಆಳು ಇದ್ದಾರೆ. ಆಳಿಗೆ ಕೂಲಿ ಕೊಡುವುದಿಲ್ಲವೇ? ಅದನ್ನು ಲೆಕ್ಕಕ್ಕೆ ಹಾಕಿ ನೋಡೋಣ. ನನಗೆ ಕೊನೆಗೆ ಆಗಿಬಂದದ್ದು ಯುಡ್ರಿಲಸ್, ಅದೇ ನೀವು ಬೈಯುವ ಆಫ್ರಿಕಾ ಹುಳ. ನಮ್ಮ ಕರಾವಳಿಯ ಸೆಕೆ ತಡೆಯುತ್ತದೆ. ಕೆಂಪು ಪಟ್ಟೆಯ ಐಸೀನಿಯಾವನ್ನು ಏಪ್ರಿಲ್‌ನಲ್ಲಿ ತಂದು ಕೈ ಸುಟ್ಟುಕೊಂಡಿದ್ದೇನೆ. ತಗಡಿನ ಮಾಡಿನ ಕೆಳಗೆ ಡ್ರಮ್ಮು 35 ಡಿಗ್ರಿ ದಾಟಿತು, ಒಂದೇ ವಾರದಲ್ಲಿ 600 ರೂಪಾಯಿ ನೀರಲ್ಲಿ ಹೋಮ.

ಬೈತಖೋಲ ಮನೆ:
ಮೀನಿನ ವಿಷಯ ಯಾರೂ ಹೇಳಲಿಲ್ಲ. ನಾನು ಬಂಗಡೆ ತಲೆ ಹಾಕಿದ್ದೆ. ಮೇಲೆ ಒಂದು ಗೇಣು ತೆಂಗಿನನಾರು ಮುಚ್ಚಿದ್ದೆ, ಸಾಕು ಅಂದುಕೊಂಡಿದ್ದೆ. ಎರಡನೇ ದಿನ ವಾಸನೆ. ಮೂರನೇ ದಿನ ಹೆಗ್ಗಣ ಬಂದು ಬಕೆಟ್ಟಿನ ಬಲೆ ಕಡಿದು ಹಾಕಿತು. ಐದನೇ ದಿನ ಪಕ್ಕದ ಮನೆಯವರು ಬಂದು ನಮ್ಮ ಅತ್ತೆಯವರ ಎದುರಿಗೇ ಜಗಳ ಆಡಿದರು. ಅದು ಇವತ್ತಿಗೂ ಸರಿಹೋಗಿಲ್ಲ, ಹಬ್ಬಕ್ಕೂ ಮಾತಿಲ್ಲ. ಏಡಿ ಚಿಪ್ಪು, ಸೀಗಡಿ ಸಿಪ್ಪೆ, ಉಪ್ಪು ಹಾಕಿದ ಮೀನು ತೊಳೆದ ನೀರು, ಯಾವುದೂ ಬೇಡ. ಉಪ್ಪು ತಾಗಿದರೆ ಹುಳ ತಡೆಯೋದಿಲ್ಲ. ನಮ್ಮ ಬಾವಿ ನೀರೇ ಬೇಸಿಗೆಯಲ್ಲಿ ಸ್ವಲ್ಪ ಉಪ್ಪು, ಹಾಗಾಗಿ ನಲ್ಲಿ ನೀರನ್ನೇ ಚಿಮುಕಿಸುತ್ತೇನೆ.

ಶಿರಸಿ ತೋಟಿಗ:
ಅದಕ್ಕೇ ಹೇಳುವುದು, ಮೀನು ತಿನ್ನುವ ಮನೆಗೆ ಎರೆಹುಳ ಆಗಿಬರೋದಿಲ್ಲ.

ಬೈತಖೋಲ ಮನೆ:
ಈ ಮಾತು ವಾಪಸ್ ತಗೊಳ್ಳಿ. ನಮ್ಮ ಅಜ್ಜನ ಕಾಲದಲ್ಲಿ ತೆಂಗಿನ ಬುಡಕ್ಕೆ ಬುಟ್ಟಿ ಬುಟ್ಟಿ ತಾರ್ಲೆ ಮೀನು ಹಾಕುತ್ತಿದ್ದರು. ಕರಾವಳಿಯ ತೆಂಗು ಬೆಳೆದದ್ದೇ ಮೀನಿನ ಗೊಬ್ಬರದಲ್ಲಿ. ಈಗಲೂ ಮೀನಿನ ಕಸವನ್ನು ಎರಡಡಿ ಗುಂಡಿ ತೋಡಿ ತೆಂಗಿಗೆ ಹಾಕುತ್ತೇನೆ. ಉಳಿದ ತರಕಾರಿ ಕಸ ಹುಳಕ್ಕೆ. ನಾಲ್ಕು ವರ್ಷದಿಂದ ಒಂದು ಸಲವೂ ಹುಳ ಸತ್ತಿಲ್ಲ. ಯಾರ ಮನೆಗೆ ಏನು ಆಗಿಬರುತ್ತದೆ ಅಂತ ಹೇಳಲು ನೀವ್ಯಾರು?

ಹೊನ್ನಾವರ ಮಾಳಿಗೆ:
ಜಗಳ ಸಾಕು ಮಾರಾಯ್ರೇ. ಹಲಸಿನ ಹಣ್ಣಿನ ಬಗ್ಗೆ ಯಾರೂ ಎಚ್ಚರಿಸಿಲ್ಲ, ಈಗ ಅದರದ್ದೇ ಕಾಲ. ಕಳೆದ ಮೇ ತಿಂಗಳಲ್ಲಿ ಎರಡು ಇಡೀ ಹಣ್ಣಿನ ಸಿಪ್ಪೆ, ದಂಟು ಎಲ್ಲ ಒಂದೇ ಸಲ ಹಾಕಿದೆ. ಮಾರನೇ ದಿನ ಕೈ ಇಟ್ಟರೆ ಒಲೆ ಮೇಲಿನ ಪಾತ್ರೆ ಹಾಗೆ ಬಿಸಿ. ಅರ್ಧ ಹುಳ ಹೋದವು. ಉಳಿದದ್ದರಲ್ಲಿ ಕಂದು ಬಣ್ಣದ ದಪ್ಪ ಹುಳು ಗಿಜಿಗಿಜಿ ಅಂತ ತುಂಬಿಕೊಂಡವು. ಹೆದರಿ ಇಡೀ ಬಕೆಟ್ಟನ್ನು ಗದ್ದೆಗೆ ಸುರಿದು ಬಂದೆ. ಆಮೇಲೆ ಗೊತ್ತಾಯಿತು, ಅದು ಕಪ್ಪು ಸೈನಿಕ ನೊಣದ ಮರಿ. ಕಚ್ಚೋದಿಲ್ಲ, ರೋಗ ತರೋದಿಲ್ಲ, ಅದೂ ಕಸವನ್ನೇ ತಿನ್ನುತ್ತದೆ. ಕೈಯಾರೆ 900 ರೂಪಾಯಿ ಸುರಿದು ಬಂದೆನಲ್ಲ ಅಂತ ಈಗಲೂ ಸಂಕಟ ಆಗುತ್ತದೆ.

ಕೋಡಿಬಾಗದ ಬಾಲ್ಕನಿ (ಕೇಳಿದವರು):
ಎಲ್ಲರಿಗೂ ಧನ್ಯವಾದ. ನಮಗೆ ತೆಂಗೂ ಇಲ್ಲ, ಅಂಗಳವೂ ಇಲ್ಲ. 4 ಅಡಿ ಬಾಲ್ಕನಿ ಅಷ್ಟೇ. ಎಷ್ಟು ಹುಳ ಬೇಕು ಅಂತ ಯಾರಾದರೂ ಹೇಳ್ತೀರಾ?

ಅಂಕೋಲಾ ಹಿತ್ತಲು:
ಒಂದು ಕಿಲೋ ಹುಳ ದಿನಕ್ಕೆ ಹೆಚ್ಚೆಂದರೆ ಅರ್ಧ ಕಿಲೋ ತಿನ್ನುತ್ತದೆ. ಅದೂ ಒಗ್ಗಿಕೊಂಡ ಮೇಲೆ. ಮೊದಲ ತಿಂಗಳು ದಿನಕ್ಕೆ ಎರಡು ಮುಷ್ಟಿ ಸಾಕು.

ತೋಟಿಗರಿಗೆ ಒಂದು ಪ್ರಶ್ನೆ. ನಿಮ್ಮ ತೊಟ್ಟಿಯ ಹುಳ ನಾಟಿ ಅಂತ ಹೇಗೆ ಗೊತ್ತು? ಬಾಲದ ತುದಿ ಹಳದಿ, ಮೈಮೇಲೆ ಪಟ್ಟೆ ಇದ್ದರೆ ಐಸೀನಿಯಾ. ತೆಳ್ಳಗೆ, ನೀಲಿ ಹೊಳಪು, ಮುಟ್ಟಿದ ಕೂಡಲೇ ಚಂಗನೆ ಹೊರಳಿದರೆ ಪೆರಿಯೊನಿಕ್ಸ್. ದಪ್ಪ, ಉದ್ದ, ನೇರಳೆ ಛಾಯೆ ಇದ್ದರೆ ಯುಡ್ರಿಲಸ್. ಇವತ್ತು ರಾತ್ರಿ ಟಾರ್ಚ್ ಹಿಡಿದು ನೋಡಿ.

ಶಿರಸಿ ತೋಟಿಗ:
ನೋಡಿದೆ. ದಪ್ಪ ಇವೆ. ದೊಡ್ಡವು ಒಂದು ಗೇಣು ಬರುತ್ತವೆ, ಬೆಳಕಿಗೆ ನೇರಳೆ ಹೊಳೆಯುತ್ತದೆ. ಮೊದಲ ಹುಳವನ್ನು 2009ರಲ್ಲಿ ಯಲ್ಲಾಪುರದ ನೆಂಟರು ಕೊಟ್ಟಿದ್ದರು. ಆದರೂ ಹದಿನೈದು ವರ್ಷದ ಮೇಲಾಯಿತು, ನನ್ನ ಸೋಗೆ ತಿಂದು ನನ್ನ ತೊಟ್ಟಿಯಲ್ಲೇ ಬೆಳೆದ ಹುಳ. ಅದನ್ನು ಹೊರಗಿನದು ಅಂತ ನಾನು ಹೇಳೋದಿಲ್ಲ. ಮೀನಿನ ಮಾತು ಆಡಬಾರದಿತ್ತು, ಬೈತಖೋಲದವರು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಅಂಕೋಲಾ ಹಿತ್ತಲು:
ಹಾಗಾದರೆ ಎಲ್ಲ ಕಡೆ ಹೇಳುತ್ತಾ ಬಂದದ್ದನ್ನು ಎಲ್ಲ ಕಡೆ ತಿದ್ದಿ.

ಕುಮಟಾ ಟೀಚರ್:
ಕೋಡಿಬಾಗದವರೇ, ಚೌತಿ ಕಳೆಯಲಿ, ಗಾಳಿಮಳೆ ಇಳಿಯಲಿ. ಅಲ್ಲಿಯವರೆಗೆ ಒಣ ಎಲೆ, ತೆಂಗಿನನಾರು ಕೂಡಿಟ್ಟುಕೊಳ್ಳಿ. ಕ್ರೇಟನ್ನು ನಾಲ್ಕು ಇಟ್ಟಿಗೆ ಮೇಲೆ ಇಡಿ, ಇಟ್ಟಿಗೆ ಕೆಳಗೆ ನೀರಿನ ತಟ್ಟೆ, ಇಲ್ಲದಿದ್ದರೆ ಕೆಂಪಿರುವೆ ಬಿಡೋದಿಲ್ಲ. ನಲ್ಲಿ ಹಾಕಿಸಬೇಡಿ, ಕ್ರೇಟಿನ ತಳಕ್ಕೆ ಹತ್ತು ತೂತು ಮಾಡಿಸಿ. ಹುಳ ಕೊಳ್ಳಬೇಡಿ. ಅಕ್ಟೋಬರ್‌ನಲ್ಲಿ ಕುಮಟೆಗೆ ಬನ್ನಿ, ನನ್ನ ತೊಟ್ಟಿಯಿಂದ ಅರ್ಧ ಕಿಲೋ ಕೊಡುತ್ತೇನೆ. ಬರುವಾಗ ಬಟ್ಟೆ ಚೀಲ ತನ್ನಿ, ಪ್ಲಾಸ್ಟಿಕ್ ಚೀಲದಲ್ಲಿ ಬಸ್ಸಿನಲ್ಲಿ ಬೆಂದು ಹೋಗುತ್ತವೆ.